ಕೀಟೋನ್ ಬಾಟಲಿ: ನಿಷೇಧವೂ ಇಲ್ಲ, ಶಿಫಾರಸೂ ಇಲ್ಲ. ಹಾಗಾದರೆ ಏನು?

ವಿಶ್ವ ಸೈಕ್ಲಿಂಗ್ ಸಂಸ್ಥೆ ಯುಸಿಐ 2025ರ ಅಕ್ಟೋಬರ್‌ನಲ್ಲಿ ಒಂದು ಹೇಳಿಕೆ ಕೊಟ್ಟಿತು. ದೇಹ ಕೊಬ್ಬಿನಿಂದ ಮಾಡಿಕೊಳ್ಳುವ ಕೀಟೋನ್ ಎಂಬ ಇಂಧನವನ್ನು ಸಪ್ಲಿಮೆಂಟ್ ಆಗಿ ಕುಡಿದರೆ ಸವಾರರ ವೇಗ ಹೆಚ್ಚುತ್ತದೆ, ದಣಿವು ಬೇಗ ಆರುತ್ತದೆ ಎನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಆದ್ದರಿಂದ ಅದನ್ನು ಬಳಸಿ ಎಂದು ನಾವು ಶಿಫಾರಸು ಮಾಡುವುದಿಲ್ಲ ಎಂಬುದು ಅದರ ಸಾರ. ಆದರೆ ನಿಷೇಧ ಹಾಕಲಿಲ್ಲ. ಉದ್ದೀಪನ ಮದ್ದು ತಡೆಯುವ ವಾಡಾದ ಪಟ್ಟಿಯಲ್ಲೂ ಕೀಟೋನ್ ಇಲ್ಲ. ಇತ್ತ ಟೂರ್ ಡಿ ಫ್ರಾನ್ಸ್‌ಗೆ ಇಳಿಯುವ ದೊಡ್ಡ ತಂಡಗಳಲ್ಲಿ ಕೆಲವು ಇದನ್ನು ವರ್ಷಗಳಿಂದ ಬಳಸುತ್ತಲೇ ಬಂದಿವೆ.

ಸುದ್ದಿ ಓದಿದವರಿಗೆ ಗೊಂದಲ ಆಗುವುದು ಸಹಜ. ಕೆಲಸಕ್ಕೆ ಬಾರದ್ದಾದರೆ ತಂಡಗಳು ಯಾಕೆ ದುಡ್ಡು ಸುರಿಯುತ್ತವೆ? ಕೆಲಸ ಮಾಡುವುದಾದರೆ ಯುಸಿಐ ಯಾಕೆ ಬೇಡ ಅನ್ನುತ್ತದೆ? ಅಪಾಯ ಇದ್ದರೆ ನಿಷೇಧ ಯಾಕಿಲ್ಲ?

ಇದು ಯುರೋಪಿನವರ ಪ್ರಶ್ನೆ ಮಾತ್ರ ಅಲ್ಲ. ದಾವಣಗೆರೆಯ ಕುಂದವಾಡ ಕೆರೆ ಏರಿಯ ಮೇಲೆ ಬೆಳಕು ಹರಿಯುವ ಮೊದಲೇ ಓಡುವವರಿದ್ದಾರೆ. ಭಾನುವಾರ ಹೈವೇ ಹಿಡಿದು ಚಿತ್ರದುರ್ಗದ ತನಕ ಸೈಕಲ್ ತುಳಿಯುವವರಿದ್ದಾರೆ, ಜೋಗಿಮಟ್ಟಿಯ ಏರು ಹತ್ತುವವರಿದ್ದಾರೆ. ಪೊಲೀಸ್, ಸೇನೆಯ ಭರ್ತಿಗೆಂದು ಕ್ರೀಡಾಂಗಣದಲ್ಲಿ ಸುತ್ತು ಹಾಕುವ ಹುಡುಗ ಹುಡುಗಿಯರಂತೂ ಲೆಕ್ಕವಿಲ್ಲದಷ್ಟು. ಇವರ ಫೋನಿಗೂ 'ಕೀಟೋ', 'ಕೀಟೋನ್' ಎಂಬ ಜಾಹೀರಾತು ಬರುತ್ತದೆ. ವಿಷಯ ಬಿಡಿಸಿ ನೋಡಿದರೆ ಗೊಂದಲಕ್ಕೆ ಒಂದು ಮುಖ್ಯ ಕಾರಣ ಕಾಣುತ್ತದೆ. ಕೀಟೋನ್ ಎಂಬ ಒಂದೇ ಹೆಸರಿನಲ್ಲಿ ನಾಲ್ಕು ಬೇರೆ ಬೇರೆ ಸಂಗತಿಗಳು ಓಡಾಡುತ್ತಿವೆ. ಒಂದಕ್ಕೆ ಸಿಕ್ಕ ಪುರಾವೆ ತೋರಿಸಿ ಇನ್ನೊಂದನ್ನು ಮಾರಲಾಗುತ್ತಿದೆ.

ಅಡುಗೆಮನೆಯ ಡಬ್ಬಿ ಮತ್ತು ಹಗೇವು

ಮೊದಲು ದೇಹದ ಲೆಕ್ಕ. ನಮ್ಮ ಶಕ್ತಿಯ ದಾಸ್ತಾನು ಎರಡು ಕಡೆ ಇರುತ್ತದೆ. ಒಂದು ಗ್ಲೈಕೋಜನ್. ಅನ್ನ, ರೊಟ್ಟಿ, ಬೆಲ್ಲ, ಹಣ್ಣಿನಿಂದ ಬಂದ ಸಕ್ಕರೆ ಈ ರೂಪದಲ್ಲಿ ಸ್ನಾಯುಗಳಲ್ಲೂ ಲಿವರ್‌ನಲ್ಲೂ ಕೂತಿರುತ್ತದೆ. ಇನ್ನೊಂದು ಕೊಬ್ಬು. ಗ್ಲೈಕೋಜನ್ ಅಡುಗೆಮನೆಯ ಡಬ್ಬಿ ಇದ್ದ ಹಾಗೆ. ಕೈ ಚಾಚಿದರೆ ಸಿಗುತ್ತದೆ, ಆದರೆ ಬೇಗ ಖಾಲಿ. ಕೊಬ್ಬು ಹಿಂದಿನವರು ನೆಲದೊಳಗೆ ಜೋಳ ತುಂಬಿಡುತ್ತಿದ್ದ ಹಗೇವು. ರಾಶಿ ರಾಶಿ ಇರುತ್ತದೆ, ತೆಗೆದು ಬಳಸಲು ಹೊತ್ತು ಹಿಡಿಯುತ್ತದೆ.

60 ಕಿಲೋ ತೂಕದ ಓಟಗಾರರನ್ನು ತೆಗೆದುಕೊಳ್ಳಿ. ಚೆನ್ನಾಗಿ ಉಂಡು ತಯಾರಾದ ದಿನ ಅವರಲ್ಲಿ ಸುಮಾರು 500 ಗ್ರಾಂ ಗ್ಲೈಕೋಜನ್ ಇರುತ್ತದೆ. ಅಂದರೆ 2000 ಕಿಲೋಕ್ಯಾಲರಿ. ಓಡುವಾಗ ಒಂದು ಕಿಲೋಮೀಟರಿಗೆ, ಒಂದು ಕಿಲೋ ತೂಕಕ್ಕೆ ಹೆಚ್ಚೂಕಮ್ಮಿ 1 ಕಿಲೋಕ್ಯಾಲರಿ ಖರ್ಚು. 42 ಕಿಲೋಮೀಟರ್ ಮ್ಯಾರಥಾನ್‌ಗೆ 2500 ದಾಟುತ್ತದೆ. ದಾಸ್ತಾನಿಗಿಂತ ಖರ್ಚು ಜಾಸ್ತಿ. ಮ್ಯಾರಥಾನ್ ಓಡುವವರಲ್ಲಿ ಹಲವರಿಗೆ 30 ಕಿಲೋಮೀಟರ್ ದಾಟಿದ ಮೇಲೆ ಕಾಲು ಇದ್ದಕ್ಕಿದ್ದಂತೆ ಸೀಸದಷ್ಟು ಭಾರ ಆಗುವುದಕ್ಕೆ ಇದೇ ದೊಡ್ಡ ಕಾರಣ.

ಅದೇ ಓಟಗಾರರ ಮೈಯಲ್ಲಿ ಶೇ 10ರಷ್ಟು ಕೊಬ್ಬಿದ್ದರೂ 6 ಕಿಲೋ ಆಯಿತು. ಅದರಲ್ಲಿ 40 ಸಾವಿರ ಕಿಲೋಕ್ಯಾಲರಿಗೂ ಮಿಕ್ಕಿ ಶಕ್ತಿ ಇದೆ. ಹಾಗಿದ್ದರೆ ಅದರಲ್ಲೇ ಓಡಬಹುದಲ್ವಾ? ನಿಧಾನ ಹೋದರೆ ಓಡಬಹುದು. ವೇಗ ಬೇಕಾದರೆ ಆಗುವುದಿಲ್ಲ. ಒಂದು ಲೀಟರ್ ಆಮ್ಲಜನಕ ಬಳಸಿ ಸಕ್ಕರೆ ಉರಿಸಿದರೆ ಸುಮಾರು 5 ಕಿಲೋಕ್ಯಾಲರಿ ಸಿಗುತ್ತದೆ, ಕೊಬ್ಬು ಉರಿಸಿದರೆ 4.7 ಮಾತ್ರ. ಕೊಬ್ಬು ಕರಗಿ, ರಕ್ತಕ್ಕೆ ಬಂದು, ಸ್ನಾಯು ಸೇರುವ ದಾರಿಯೂ ಉದ್ದ. ಉಸಿರು ಮೇಲಕ್ಕೆ ಹತ್ತಿದ ಹೊತ್ತಿನಲ್ಲಿ ಈ ವ್ಯತ್ಯಾಸ ಕಾಲಿಗೆ ಗೊತ್ತಾಗುತ್ತದೆ.

ಕೀಟೋನ್ ಬರುವುದು ಈ ಜಾಗದಲ್ಲಿ. ಉಪವಾಸ ಉದ್ದವಾದಾಗ ಸಕ್ಕರೆ ಕಡಿಮೆಯಾಗುತ್ತದೆ. ಮೆದುಳು ಕೊಬ್ಬನ್ನು ನೇರವಾಗಿ ಉರಿಸಲಾರದು. ಆಗ ಲಿವರ್ ಕೊಬ್ಬನ್ನು ಒಡೆದು ಸಣ್ಣ ಅಣುಗಳನ್ನು ಮಾಡಿ ರಕ್ತಕ್ಕೆ ಬಿಡುತ್ತದೆ. ಅಸಿಟೋಅಸಿಟೇಟ್, ಬೀಟಾ ಹೈಡ್ರಾಕ್ಸಿ ಬ್ಯುಟಿರೇಟ್, ಅಸಿಟೋನ್ ಎಂಬ ಈ ಮೂರಕ್ಕೂ ಸೇರಿ ಕೀಟೋನ್ ಎನ್ನುತ್ತಾರೆ. ಮೆದುಳು, ಹೃದಯ, ಸ್ನಾಯು ಇದನ್ನು ಉರಿಸಬಲ್ಲವು. ಬರಗಾಲದಲ್ಲಿ ಮನುಷ್ಯ ಬದುಕುಳಿಯಲಿ ಎಂದು ದೇಹ ಮಾಡಿಕೊಂಡ ಏರ್ಪಾಡು ಇದು. ಓಟದ ಪದಕಕ್ಕಾಗಿ ಮಾಡಿಕೊಂಡದ್ದಲ್ಲ. ಈ ಮಾತು ಮುಂದಿನ ಚರ್ಚೆಗೆಲ್ಲ ಬೇಕಾಗುತ್ತದೆ.

ಒಂದು ಹೆಸರು, ನಾಲ್ಕು ಸಂಗತಿ

ಮೊದಲನೆಯದು ಕೀಟೋ ಡಯಟ್. ಅನ್ನ, ರೊಟ್ಟಿ, ಸಕ್ಕರೆ ಬಿಟ್ಟು ಕೊಬ್ಬನ್ನೇ ಹೆಚ್ಚು ತಿಂದು, ದೇಹವೇ ಕೀಟೋನ್ ಮಾಡುವಂತೆ ಒತ್ತಾಯಿಸುವುದು. ಬೆಣ್ಣೆ ದೋಸೆ ತಿಂದರೆ ಕೀಟೋನ್ ಬರುವುದಿಲ್ಲ ಎನ್ನುವುದನ್ನು ಇಲ್ಲೇ ಹೇಳಬೇಕು. ದೋಸೆಯ ಅಕ್ಕಿ ಸಕ್ಕರೆಯಾಗುತ್ತದೆ, ಇನ್ಸುಲಿನ್ ಏರುತ್ತದೆ, ಲಿವರ್ ಕೀಟೋನ್ ಮಾಡುವುದನ್ನು ನಿಲ್ಲಿಸುತ್ತದೆ. ಮೇಲಿನ ಬೆಣ್ಣೆ ಹಗೇವಿಗೆ ಹೋಗುತ್ತದೆ.

ಈ ಡಯಟ್ ಮೇಲೆ ಒಂದು ಒಳ್ಳೆಯ ಅಧ್ಯಯನ ಇದೆ. ಆಸ್ಟ್ರೇಲಿಯಾದ ಲೂಯಿಸ್ ಬರ್ಕ್ ಮತ್ತು ಸಂಗಡಿಗರು ವಿಶ್ವ ದರ್ಜೆಯ ನಡಿಗೆ ಸ್ಪರ್ಧಿಗಳಿಗೆ ಮೂರು ವಾರ ಗಟ್ಟಿ ತರಬೇತಿ ಕೊಟ್ಟು 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾರ್ಬೋಹೈಡ್ರೇಟ್ ಹೆಚ್ಚು ತಿಂದ ಗುಂಪು 10 ಕಿಲೋಮೀಟರ್ ನಡಿಗೆಯಲ್ಲಿ ಶೇ 6.6ರಷ್ಟು ಸುಧಾರಿಸಿತು. ಕೊಬ್ಬು ತಿಂದ ಗುಂಪಿನವರ ದೇಹ ಕೊಬ್ಬು ಉರಿಸುವುದನ್ನು ಚೆನ್ನಾಗಿಯೇ ಕಲಿಯಿತು, ಆದರೆ ಅದೇ ವೇಗಕ್ಕೆ ಹೆಚ್ಚು ಆಮ್ಲಜನಕ ಬೇಕಾಯಿತು. ಸಮಯ ಸುಧಾರಿಸಲಿಲ್ಲ.

ಎರಡನೆಯದು ಕೀಟೋನ್ ಸಾಲ್ಟ್. ಬೀಟಾ ಹೈಡ್ರಾಕ್ಸಿ ಬ್ಯುಟಿರೇಟ್ ಅನ್ನು ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಕೂಡಿಸಿದ ಪುಡಿ. ತಯಾರಿ ಸುಲಭ, ಬೆಲೆ ಕಡಿಮೆ. ರಕ್ತದಲ್ಲಿ ಕೀಟೋನ್ ಮಟ್ಟವನ್ನು ಇದು ಸಾಮಾನ್ಯವಾಗಿ 1 ಮಿಲಿಮೋಲ್‌ನ (ಒಂದು ಲೀಟರ್ ರಕ್ತದಲ್ಲಿ ಎಷ್ಟಿದೆ ಎನ್ನುವ ಅಳತೆ) ಆಸುಪಾಸಿಗೆ ಏರಿಸುತ್ತದೆ, ಅಷ್ಟೇ. ಜೊತೆಗೆ ಉಪ್ಪಿನ ಹೊರೆ ಬರುತ್ತದೆ.

ಮೂರನೆಯದು ಕೀಟೋನ್ ಎಸ್ಟರ್. ಉಪ್ಪಿನ ಬದಲು ಆಲ್ಕೋಹಾಲ್ ಬಗೆಯ ಅಣುವಿಗೆ ಕೀಟೋನ್ ಜೋಡಿಸಿದ ದ್ರವ. ಯುಸಿಐ ಸುದ್ದಿಯ ಹಿಂದೆ ಇರುವುದು ಮುಖ್ಯವಾಗಿ ಇದೇ. ಕುಡಿದ ಅರ್ಧ ಗಂಟೆಯಲ್ಲಿ ರಕ್ತದ ಕೀಟೋನ್ 2ರಿಂದ 4 ಮಿಲಿಮೋಲ್ ತಲುಪಬಹುದು. ಸಾಮಾನ್ಯವಾಗಿ ಕೆಲವು ದಿನ ಉಪವಾಸ ಮಾಡಿದರೆ ಸಿಗುವ ಮಟ್ಟ ಅದು. ರುಚಿ ಮಾತ್ರ ಕಡು ಕಹಿ.

ನಾಲ್ಕನೆಯದು ಬ್ಯೂಟೇನ್‌ಡಯಾಲ್ ಎಂಬ ಒಂದು ಬಗೆಯ ಆಲ್ಕೋಹಾಲ್ ಇರುವ ಪಾನೀಯ. ಇದರಲ್ಲಿ ಕೀಟೋನ್ ಇರುವುದಿಲ್ಲ. ಕುಡಿದ ಮೇಲೆ ಲಿವರ್ ಅದನ್ನು ಕೀಟೋನ್ ಆಗಿ ಬದಲಿಸುತ್ತದೆ. ಡಬ್ಬಿಯ ಮುಂಭಾಗದಲ್ಲಿ ದೊಡ್ಡದಾಗಿ ಬರೆದಿರುವುದು ಮಾತ್ರ ಕೀಟೋನ್ ಎಂದೇ.

ಎಸ್ಟರ್ ಮೇಲೆ ನಡೆದ ಪ್ರಯೋಗವನ್ನು ತೋರಿಸಿ ಸಾಲ್ಟ್ ಪುಡಿಯನ್ನು ಮಾರಿದರೆ ಅದು ನ್ಯಾಯವಲ್ಲ. ಭದ್ರಾ ನಾಲೆಯ ಕೆಳಗಿನ ಗದ್ದೆಯ ಇಳುವರಿ ತೋರಿಸಿ ಚಳ್ಳಕೆರೆಯ ಒಣ ಹೊಲ ಮಾರಿದ ಹಾಗೆ ಆಗುತ್ತದೆ.

ಸೈನಿಕರಿಗಾಗಿ ಹುಟ್ಟಿದ್ದು

ಎಸ್ಟರ್‌ನ ಮೂಲ ಕ್ರೀಡೆಯಲ್ಲ. 2000ರ ದಶಕದ ಆರಂಭದಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಒಂದು ಪ್ರಶ್ನೆ ಮುಂದಿಟ್ಟಿತ್ತು. ಊಟ ನಿದ್ದೆ ಸರಿಯಿಲ್ಲದ ದೀರ್ಘ ಕಾರ್ಯಾಚರಣೆಯಲ್ಲಿ ಸೈನಿಕರ ಮೈಗೂ ಬುದ್ಧಿಗೂ ಶಕ್ತಿ ಕೊಡುವ ಆಹಾರ ಯಾವುದು? ಅಮೆರಿಕದ ರಿಚರ್ಡ್ ವೀಚ್ ಮತ್ತು ಆಕ್ಸ್‌ಫರ್ಡ್‌ನ ಕೀರನ್ ಕ್ಲಾರ್ಕ್ ಈ ಎಸ್ಟರ್ ಅನ್ನು ರೂಪಿಸಿದರು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಿಂದ ಇದಕ್ಕೆಂದೇ ಒಂದು ಕಂಪನಿಯೂ ಹೊರಬಂತು. 2017ರಲ್ಲಿ ಅಮೆರಿಕದಲ್ಲಿ ಮಾರಾಟ ಶುರುವಾದಾಗ 25 ಗ್ರಾಂ ಎಸ್ಟರ್ ಇರುವ ಒಂದು ಬಾಟಲಿಗೆ 33 ಡಾಲರ್. ಆಗಿನ ದರದಲ್ಲೇ ಎರಡು ಸಾವಿರ ರೂಪಾಯಿ ದಾಟುತ್ತಿತ್ತು. ಅದೂ ಒಂದೇ ಸಲ ಕುಡಿಯುವುದಕ್ಕೆ.

2019ರಲ್ಲಿ ನೆದರ್ಲೆಂಡ್ಸ್‌ನ ಜಂಬೊ ವಿಸ್ಮಾ ತಂಡ ತಾನು ಟೂರ್ ಡಿ ಫ್ರಾನ್ಸ್‌ನಲ್ಲಿ ಕೀಟೋನ್ ಬಳಸುವುದಾಗಿ ಬಹಿರಂಗವಾಗಿಯೇ ಒಪ್ಪಿಕೊಂಡಿತು. ವಿಟಮಿನ್ ಮಾತ್ರೆಯಂತೆ ಇದೂ ಒಂದು ಆಹಾರ ಪೂರಕ ಎನ್ನುವುದು ಅದರ ವಾದ. ಅಲ್ಲಿಂದ ಮಾತು ಎಲ್ಲ ಕಡೆ ಹಬ್ಬಿತು.

ಒಂದೇ ಸಂಗತಿ, ಎರಡು ಅರ್ಥ

ಪರವಾಗಿ ಇರುವವರು ಮೊದಲು ತೋರಿಸುವುದು 2016ರ ಆಕ್ಸ್‌ಫರ್ಡ್ ಅಧ್ಯಯನ. ಒಳ್ಳೆಯ ತರಬೇತಿ ಇದ್ದ 8 ಸೈಕ್ಲಿಸ್ಟ್‌ಗಳು ಒಂದು ಗಂಟೆ ಒಂದೇ ಸಮ ತುಳಿದು, ನಂತರ 30 ನಿಮಿಷದಲ್ಲಿ ಎಷ್ಟು ದೂರ ಸಾಧ್ಯವೋ ಅಷ್ಟು ಹೋಗಬೇಕಿತ್ತು. ಕಾರ್ಬೋಹೈಡ್ರೇಟ್ ಜೊತೆ ಎಸ್ಟರ್ ಕುಡಿದ ದಿನ ಅವರು ಸರಾಸರಿ 411 ಮೀಟರ್ ಹೆಚ್ಚು ಹೋದರು. ಅಂದರೆ ಶೇ 2. ಕೇಳಲು ಸಣ್ಣದು, ಆದರೆ ಎರಡು ಗಂಟೆಯ ಹಾಫ್ ಮ್ಯಾರಥಾನ್‌ನಲ್ಲಿ ಅದು ಎರಡು ನಿಮಿಷಕ್ಕೂ ಹೆಚ್ಚು. ವೃತ್ತಿಪರ ರೇಸ್‌ನಲ್ಲಿ ಅಷ್ಟು ಅಂತರ ಸಿಕ್ಕರೆ ಗೆದ್ದಂತೆಯೇ.

ಮರು ವರ್ಷವೇ ಆಸ್ಟ್ರೇಲಿಯಾದಿಂದ ತದ್ವಿರುದ್ಧ ಫಲಿತಾಂಶ ಬಂತು. ವೃತ್ತಿಪರ ಸೈಕ್ಲಿಸ್ಟ್‌ಗಳಿಗೆ ಬೇರೆ ಬಗೆಯ ಎಸ್ಟರ್ ಕೊಟ್ಟು, ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್ ಹಾದಿಯನ್ನೇ ಅನುಕರಿಸಿ 31 ಕಿಲೋಮೀಟರ್ ತುಳಿಸಿದರು. ಸಮಯ ಸುಮಾರು ಶೇ 2ರಷ್ಟು ಹಾಳಾಯಿತು. ಹೊಟ್ಟೆ ತೊಳಸು, ವಾಕರಿಕೆಯ ದೂರು ಬೇರೆ. ಎಸ್ಟರ್ ಬಗೆ ಬೇರೆ ಇತ್ತು, ಅದಕ್ಕೇ ಹೀಗಾಯಿತು ಎಂದು ಪರ ಇದ್ದವರು ಹೇಳಿದರು. ಅದು ನ್ಯಾಯವಾದ ಆಕ್ಷೇಪವೇ. ಆದರೆ 2023ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಆಕ್ಸ್‌ಫರ್ಡ್ ಬಗೆಯ ಎಸ್ಟರ್ ಅನ್ನೇ 23 ಸೈಕ್ಲಿಸ್ಟ್‌ಗಳಿಗೆ ಕೊಟ್ಟರು, ಜೊತೆಗೆ ಕಾರ್ಬೋಹೈಡ್ರೇಟ್ ಇಲ್ಲದೆ. 20 ನಿಮಿಷದ ಪರೀಕ್ಷೆಯಲ್ಲಿ ಶಕ್ತಿ ಶೇ 2.4ರಷ್ಟು ಇಳಿಯಿತು.

ಇನ್ನೊಂದು ಕಡೆ, ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದವರು ಮೂರು ಗಂಟೆ ರೇಸ್ ತರಹ ತುಳಿಸಿ ಕೊನೆಯಲ್ಲಿ ವೇಗದ ಪರೀಕ್ಷೆ ಇಟ್ಟರು. ಕಾರ್ಬೋಹೈಡ್ರೇಟ್ ಜೊತೆ ಕೀಟೋನ್ ಕೊಟ್ಟಿದ್ದರು. ಲಾಭವೂ ಇಲ್ಲ, ಗ್ಲೈಕೋಜನ್ ಉಳಿತಾಯವೂ ಇಲ್ಲ.

ಹೀಗೆ ಯಾಕಾಗುತ್ತದೆ? ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕೀಟೋನ್ ಕುಡಿದಾಗ ರಕ್ತದ ಸಕ್ಕರೆ ಸ್ವಲ್ಪ ಇಳಿಯುತ್ತದೆ. ಸ್ನಾಯುಗಳು ಸಕ್ಕರೆ ಒಡೆಯುವುದು ಕಡಿಮೆಯಾಗುತ್ತದೆ. ಸಕ್ಕರೆ ಬೇಗ ಬೇಗ ಒಡೆದಾಗ ಹುಟ್ಟುವ ಲ್ಯಾಕ್ಟೇಟ್ ಕೂಡ ಕಡಿಮೆ ಕಾಣುತ್ತದೆ. ಇಷ್ಟನ್ನು ಎರಡೂ ಕಡೆಯವರು ಒಪ್ಪುತ್ತಾರೆ. ಜಗಳ ಇರುವುದು ಇದರ ಅರ್ಥದಲ್ಲಿ.

ಪರ ಇರುವವರು ಇದನ್ನು ಉಳಿತಾಯ ಎಂದು ಓದುತ್ತಾರೆ. ಡಬ್ಬಿಯ ಸಕ್ಕರೆ ಈಗ ಕಡಿಮೆ ಖರ್ಚಾದರೆ ಕೊನೆಯ ಹತ್ತು ಕಿಲೋಮೀಟರಿಗೆ ಮಿಗುತ್ತದೆ ಎಂಬ ತರ್ಕ. ವಿರೋಧ ಇರುವವರು ಇದನ್ನೇ ಬ್ರೇಕ್ ಎಂದು ಓದುತ್ತಾರೆ. ರೇಸ್‌ನಲ್ಲಿ ಗೆಲುವು ಸೋಲು ತೀರ್ಮಾನ ಆಗುವುದು ಏರು ಹತ್ತುವಾಗ, ಕೊನೆಯ ಓಟದಲ್ಲಿ. ಆಗ ದೇಹಕ್ಕೆ ಸಕ್ಕರೆ ಬೇಗ ಬೇಗ ಒಡೆಯಲೇಬೇಕು. ಆ ಹೊತ್ತಿನಲ್ಲಿ ಅದನ್ನು ತಡೆಯುವ ಪದಾರ್ಥ ರಕ್ತದಲ್ಲಿದ್ದರೆ ಅದು ಉಪಕಾರ ಅಲ್ಲ. ನಿಧಾನ ಓಟದಲ್ಲಿ ಉಳಿತಾಯ, ಜೋರು ಓಟದಲ್ಲಿ ಬ್ರೇಕ್.

ಇನ್ನೂ ಒಂದಿದೆ. ಎಸ್ಟರ್ ಕುಡಿದಾಗ ರಕ್ತ ತುಸು ಆಮ್ಲದ ಕಡೆ ವಾಲುತ್ತದೆ. ಜೋರಾಗಿ ಓಡುವಾಗ ಸ್ನಾಯುವಿನಲ್ಲಿ ಹೇಗೂ ಆಮ್ಲ ಸೇರುತ್ತಿರುತ್ತದೆ. ಕೆಲವು ಅಥ್ಲೀಟ್‌ಗಳು ಅದನ್ನು ತಡೆಯಲೆಂದೇ ಅಡುಗೆ ಸೋಡಾ ತೆಗೆದುಕೊಳ್ಳುತ್ತಾರೆ. ಕೀಟೋನ್ ಅದರ ಉಲ್ಟಾ ದಿಕ್ಕಿಗೆ ಎಳೆಯುತ್ತದೆ.

ಈಗ ಹಿಂದಿನ ಮಾತು ನೆನಪಿಸಿಕೊಳ್ಳಿ. ಕೀಟೋನ್ ಬರಗಾಲದ ಏರ್ಪಾಡು. ಸಕ್ಕರೆ ಇಲ್ಲ, ಇರುವಷ್ಟನ್ನು ಕಾಪಾಡು ಎಂದು ದೇಹಕ್ಕೆ ಹೇಳುವ ಸಂಕೇತವೂ ಅದೇ. ಒಂದು ಕೈಯಲ್ಲಿ ಸಕ್ಕರೆ ಪಾನೀಯ, ಇನ್ನೊಂದು ಕೈಯಲ್ಲಿ ಕೀಟೋನ್ ಹಿಡಿದಾಗ ದೇಹಕ್ಕೆ ಎರಡು ಬೇರೆ ಸುದ್ದಿ ಹೋಗುತ್ತದೆ. ಫಲಿತಾಂಶಗಳು ಆಚೀಚೆ ಆಗುವುದರಲ್ಲಿ ಆಶ್ಚರ್ಯ ಇಲ್ಲ.

ಪ್ರಯೋಗಗಳ ಮಿತಿಯನ್ನೂ ಹೇಳಬೇಕು. ಬಹುತೇಕ ಅಧ್ಯಯನಗಳಲ್ಲಿ ಹತ್ತಿಪ್ಪತ್ತು ಜನ ಮಾತ್ರ. ಹೆಂಗಸರು ತೀರಾ ಕಡಿಮೆ. ಯಾರಿಗೆ ಅಸಲಿ ಬಾಟಲಿ ಕೊಟ್ಟಿದ್ದೇವೆ ಎಂದು ಮುಚ್ಚಿಡಲು ನಕಲಿಗೂ ಕಹಿ ಬೆರೆಸುತ್ತಾರೆ, ಆದರೂ ಎಸ್ಟರ್‌ನ ರುಚಿ ಬಚ್ಚಿಡುವುದು ಕಷ್ಟ. ದುಬಾರಿ ಪಾನೀಯ ಕುಡಿದೆ ಎಂದು ಗೊತ್ತಾದರೆ ಸಾಕು, ಒಬ್ಬರು ಜೋರಾಗಿ ತುಳಿಯಬಹುದು. ಹೊಟ್ಟೆ ತೊಳಸಿದರೆ ಇನ್ನೊಬ್ಬರು ಕೈಬಿಡಬಹುದು. ಶೇ 2ರ ವ್ಯತ್ಯಾಸ ಹುಡುಕುವಾಗ ಇವೆಲ್ಲ ದೊಡ್ಡ ವಿಷಯವೇ.

ರೇಸ್ ಮುಗಿದ ಮೇಲೆ ಕುಡಿದರೆ?

ತಂಡಗಳು ಇನ್ನೂ ಆಸೆ ಇಟ್ಟುಕೊಂಡಿರುವುದು ಇಲ್ಲಿ. 2019ರಲ್ಲಿ ಲೂವೆನ್‌ನ ಪೀಟರ್ ಹೆಸ್ಪೆಲ್ ತಂಡ 18 ಗಂಡಸರಿಗೆ ಮೂರು ವಾರ ಮೈಮುರಿಯುವಷ್ಟು ತರಬೇತಿ ಕೊಟ್ಟಿತು. ಅರ್ಧ ಜನ ಪ್ರತಿ ತರಬೇತಿಯ ನಂತರ ಮತ್ತು ಮಲಗುವ ಮುಂಚೆ ಎಸ್ಟರ್ ಕುಡಿದರು. ಮೂರನೇ ವಾರದಲ್ಲಿ ಅವರು ಉಳಿದವರಿಗಿಂತ ಸುಮಾರು ಶೇ 15ರಷ್ಟು ಹೆಚ್ಚು ತರಬೇತಿ ತಡೆದುಕೊಂಡರು. ಅತಿ ದಣಿವಿನ ಲಕ್ಷಣಗಳು ಕಡಿಮೆ ಇದ್ದವು.

ಟೂರ್ ಡಿ ಫ್ರಾನ್ಸ್ 21 ಹಂತಗಳ ರೇಸ್. ಮೂರು ವಾರ ದಿನವೂ ದಣಿದು, ದಿನವೂ ಎದ್ದು ಬರಬೇಕು. ಹಾಗಾಗಿ ತಂಡಗಳಿಗೆ ಈ ಅಧ್ಯಯನ ಹಿಡಿಸಿದ್ದು ಸಹಜ. ನಂತರ ಇನ್ನೂ ಒಂದು ಸಂಗತಿ ಸೇರಿತು. ವ್ಯಾಯಾಮದ ನಂತರ ಕೀಟೋನ್ ಕುಡಿದರೆ ದೇಹದಲ್ಲೇ ಹುಟ್ಟುವ ಇಪಿಒ ಹಾರ್ಮೋನ್ ಸ್ವಲ್ಪ ಹೆಚ್ಚುವುದು ಕೆಲವು ಅಧ್ಯಯನಗಳಲ್ಲಿ ಕಂಡಿತು. ಕೆಂಪು ರಕ್ತಕಣ ಹೆಚ್ಚಿಸುವ ಹಾರ್ಮೋನ್ ಇದು. ಇದನ್ನು ಚುಚ್ಚುಮದ್ದಾಗಿ ತೆಗೆದುಕೊಳ್ಳುವುದು ನಿಷಿದ್ಧ, ಸೈಕ್ಲಿಂಗ್‌ಗೆ ದೊಡ್ಡ ಕಳಂಕ ತಂದದ್ದೂ ಅದೇ. ಕೀಟೋನ್ ಎಂದಾಗ ಹಳೆಯ ಸೈಕ್ಲಿಂಗ್ ಅಭಿಮಾನಿಗಳಿಗೆ ಕಸಿವಿಸಿ ಆಗುವುದಕ್ಕೆ ಇದೂ ಒಂದು ಕಾರಣ. ಆದರೆ ಹಾರ್ಮೋನ್ ಸ್ವಲ್ಪ ಏರುವುದು ಬೇರೆ, ರೇಸ್ ಗೆಲ್ಲುವಷ್ಟು ರಕ್ತಕಣ ಹೆಚ್ಚುವುದು ಬೇರೆ. ಎತ್ತರದ ಬೆಟ್ಟದಲ್ಲಿ ತರಬೇತಿ ಮಾಡಿದರೂ ಇಪಿಒ ಏರುತ್ತದೆ, ಅದನ್ನು ಯಾರೂ ನಿಷೇಧಿಸಿಲ್ಲ.

18 ಗಂಡಸರ ಒಂದು ಪ್ರಯೋಗ ದೊಡ್ಡ ಭರವಸೆ ಹೊರಲಾರದು ಎನ್ನುವುದು ನನ್ನ ಅಭಿಪ್ರಾಯ. ಕುತೂಹಲಕ್ಕೆ ಕಾರಣ ಇದೆ. ನಂಬಿ ದುಡ್ಡು ಕೊಡಲು ಇನ್ನೂ ಇಲ್ಲ.

ನಿಷೇಧ ಯಾಕಿಲ್ಲ

ವಾಡಾ ಒಂದು ಪದಾರ್ಥವನ್ನು ಪಟ್ಟಿಗೆ ಸೇರಿಸಲು ಮೂರು ಅಳತೆ ಇಟ್ಟಿದೆ. ಸಾಮರ್ಥ್ಯ ಹೆಚ್ಚಿಸುತ್ತದೆಯೇ, ಆರೋಗ್ಯಕ್ಕೆ ಅಪಾಯವೇ, ಕ್ರೀಡಾ ಮನೋಭಾವಕ್ಕೆ ವಿರುದ್ಧವೇ. ಮೂರರಲ್ಲಿ ಎರಡಕ್ಕೆ ಹೌದು ಎಂದಾಗ ಮಾತ್ರ ನಿಷೇಧದ ಮಾತು. ಕೀಟೋನ್ ವಿಷಯದಲ್ಲಿ ಮೊದಲನೆಯದಕ್ಕೇ ಉತ್ತರ ಗಟ್ಟಿಯಾಗಿಲ್ಲ. ಜೊತೆಗೆ ಇದು ಎಲ್ಲರ ದೇಹದಲ್ಲೂ ಹುಟ್ಟುವ ವಸ್ತು. ಏಕಾದಶಿ ಉಪವಾಸ ಮಾಡಿದವರ ರಕ್ತದಲ್ಲೂ ಸಿಗುತ್ತದೆ. ಬಾಟಲಿಯಿಂದ ಬಂದದ್ದೋ ಉಪವಾಸದಿಂದ ಬಂದದ್ದೋ ಎಂದು ಪರೀಕ್ಷೆಯಲ್ಲಿ ಹೇಳುವುದು ಸುಲಭ ಅಲ್ಲ.

ಹಾಗಿದ್ದರೂ ಎಂಪಿಸಿಸಿ ಎಂಬ ಒಕ್ಕೂಟ ತನ್ನ ಸದಸ್ಯ ತಂಡಗಳಿಗೆ ಕೀಟೋನ್ ಬಳಸಬೇಡಿ ಎಂದು ಮೊದಲಿಂದ ಹೇಳುತ್ತಾ ಬಂದಿದೆ. 2007ರಲ್ಲಿ ಹುಟ್ಟಿದ ಈ ಒಕ್ಕೂಟ ಸ್ವಚ್ಛ ಸೈಕ್ಲಿಂಗ್‌ಗಾಗಿ ತಂಡಗಳು ತಾವಾಗಿಯೇ ಸೇರಿ ಕಟ್ಟಿಕೊಂಡದ್ದು. ಇದರಿಂದ ಒಂದೇ ರೇಸ್‌ನಲ್ಲಿ ಕೆಲವು ತಂಡ ಕುಡಿಯುತ್ತವೆ, ಕೆಲವು ಕುಡಿಯುವುದಿಲ್ಲ. ಕುಡಿಯದವರಿಗೆ ನಾವು ಹಿಂದೆ ಬೀಳುತ್ತಿದ್ದೇವೇನೋ ಎಂಬ ಅನುಮಾನ. ಯುಸಿಐ ಮಾತನಾಡಬೇಕಾಗಿ ಬಂದದ್ದು ಇಂಥ ವಾತಾವರಣದಲ್ಲಿ. ಅದರ ಹೇಳಿಕೆ ಕಾನೂನು ಅಲ್ಲ, ಸಲಹೆ. ಕುಡಿದವರಿಗೆ ದಂಡ ಇಲ್ಲ.

ತಂಡಗಳು ನಿಲ್ಲಿಸದೇ ಇರುವುದಕ್ಕೂ ಲೆಕ್ಕ ಇದೆ. ವರ್ಷಕ್ಕೆ ಕೋಟಿಗಟ್ಟಲೆ ಯೂರೋ ಖರ್ಚು ಮಾಡುವ ತಂಡಕ್ಕೆ ಕೀಟೋನ್ ಬಿಲ್ ಲೆಕ್ಕಕ್ಕೇ ಬರುವುದಿಲ್ಲ. ಅರ್ಧ ಶೇಕಡಾ ಲಾಭದ ಸಾಧ್ಯತೆ ಇದ್ದರೂ ಬಿಡುವುದಿಲ್ಲ, ಏಕೆಂದರೆ ಪಕ್ಕದ ತಂಡ ಬಿಡುವುದಿಲ್ಲ. ಅವರ ಊಟ, ನಿದ್ದೆ, ಗಾಲಿಯ ಗಾಳಿ, ಎಲ್ಲವೂ ಆಗಲೇ ತೂಕ ಹಾಕಿ ಸರಿಪಡಿಸಿ ಆಗಿದೆ. ಉಳಿದಿರುವುದು ಇಂಥ ಚಿಲ್ಲರೆ ಲಾಭಗಳು ಮಾತ್ರ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಒಂದು ಲೋಟ ಕಾಫಿ ಕುಡಿದು ಬಾತಿ ಕಡೆ ಸೈಕಲ್ ಹೊರಡಿಸುವ ನಮ್ಮವರ ಸ್ಥಿತಿ ಅದಲ್ಲ. ಅವರು ಮಾಡುತ್ತಾರೆ ಎನ್ನುವುದು ನಾವು ಮಾಡಲು ಕಾರಣ ಆಗುವುದಿಲ್ಲ.

1600 ಮೀಟರ್ ಓಡುವವರಿಗೆ

ನಮ್ಮ ಜಿಲ್ಲೆಗಳಲ್ಲಿ ಮ್ಯಾರಥಾನ್ ಓಡುವವರಿಗಿಂತ ಭರ್ತಿಗೆ ಓಡುವವರು ಜಾಸ್ತಿ. ಅವರಿಗೆ ಇದನ್ನು ಸ್ಪಷ್ಟವಾಗಿ ಹೇಳಬೇಕು. 1600 ಮೀಟರ್ ಓಟಕ್ಕೆ 60 ಕಿಲೋ ತೂಕದವರು ಖರ್ಚು ಮಾಡುವುದು ಸುಮಾರು 100 ಕಿಲೋಕ್ಯಾಲರಿ. ಹೆಚ್ಚೂಕಮ್ಮಿ ಒಂದು ಖಾಲಿ ದೋಸೆ ಕೊಡುವ ಶಕ್ತಿ. ದಾಸ್ತಾನಿನಲ್ಲಿ 2000 ಇರುವಾಗ ಅಲ್ಲಿ ಇಂಧನದ ಕೊರತೆಯೇ ಇಲ್ಲ. ಆರು ನಿಮಿಷದ ಆಸುಪಾಸಿನ ಆ ಓಟದಲ್ಲಿ ಸೋಲಿಸುವುದು ಉಸಿರು ಮತ್ತು ಸ್ನಾಯುವಿನ ಆಮ್ಲ. ಕೀಟೋನ್ ಉಸಿರನ್ನು ಹೆಚ್ಚಿಸುವುದಿಲ್ಲ, ಆಮ್ಲವನ್ನು ಹೆಚ್ಚಿಸುತ್ತದೆ. ಉಳಿತಾಯದ ವಾದವೂ ಇಲ್ಲಿ ನಿಲ್ಲುವುದಿಲ್ಲ. ಮನೆಯವರು ಹೊಲದ ದುಡ್ಡಿನಿಂದ ಕೊಟ್ಟ ಎರಡು ಮೂರು ಸಾವಿರವನ್ನು ಸುಮ್ನೆ ಇದಕ್ಕೆ ಹಾಕಬೇಡಿ. ಅದರಲ್ಲಿ ಒಳ್ಳೆಯ ಶೂ ಬರುತ್ತದೆ. ತಿಂಗಳುಗಟ್ಟಲೆ ಮೊಟ್ಟೆ, ಹಾಲು, ಶೇಂಗಾ ಬರುತ್ತದೆ.

ಡಬ್ಬಿಯೊಳಗೆ ಇನ್ನೇನಿದೆ

ಸ್ಪರ್ಧೆಗೆ ಇಳಿಯುವವರಿಗೆ ಕೀಟೋನ್‌ಗಿಂತ ದೊಡ್ಡ ಅಪಾಯ ಡಬ್ಬಿಯಲ್ಲಿ ಬರೆಯದೇ ಇರುವ ಪದಾರ್ಥದ್ದು. ಸಪ್ಲಿಮೆಂಟ್‌ಗಳಲ್ಲಿ ಸ್ಟೆರಾಯ್ಡ್, ಉತ್ತೇಜಕ ಬೆರೆತಿದ್ದ ಉದಾಹರಣೆಗಳು ಜಗತ್ತಿನ ಹಲವು ಕಡೆ ಸಿಕ್ಕಿವೆ. ಕೆಲವೊಮ್ಮೆ ಬೇಕೆಂದೇ ಬೆರೆಸುತ್ತಾರೆ, ಕೆಲವೊಮ್ಮೆ ಒಂದೇ ಯಂತ್ರದಲ್ಲಿ ಹಲವು ಪುಡಿ ತಯಾರಿಸುವಾಗ ಸೇರಿಕೊಳ್ಳುತ್ತದೆ. ಡೋಪಿಂಗ್ ನಿಯಮದಲ್ಲಿ ಗೊತ್ತಿರಲಿಲ್ಲ ಎಂಬ ಮಾತು ಪೂರ್ತಿ ರಕ್ಷಣೆ ಕೊಡುವುದಿಲ್ಲ. ಮೈಯಲ್ಲಿ ಸಿಕ್ಕಿದ್ದಕ್ಕೆ ಕ್ರೀಡಾಪಟುವೇ ಹೊಣೆ.

ಭಾರತಕ್ಕೆ ಇದು ಸಣ್ಣ ಮಾತಲ್ಲ. ವಾಡಾದ 2023ರ ಅಂಕಿ ಅಂಶದಲ್ಲಿ ನಮ್ಮ ದೇಶದ 5,606 ಮಾದರಿಗಳಲ್ಲಿ 213ರಲ್ಲಿ ನಿಷಿದ್ಧ ಪದಾರ್ಥ ಸಿಕ್ಕಿತ್ತು. ಶೇ 3.8. ಐದು ಸಾವಿರಕ್ಕಿಂತ ಹೆಚ್ಚು ಮಾದರಿ ಪರೀಕ್ಷಿಸಿದ ದೇಶಗಳಲ್ಲಿ ಇದೇ ಅತಿ ಹೆಚ್ಚು. ಗರಡಿಯಲ್ಲಿ ಬೆಳೆದು ರಾಷ್ಟ್ರ ಮಟ್ಟಕ್ಕೆ ಹೋಗುವ ಪೈಲ್ವಾನರಿಗೂ, ತಾಲ್ಲೂಕು ಶಾಲೆಯಿಂದ ಬಂದ ಓಟಗಾರ್ತಿಗೂ ಒಂದು ಡಬ್ಬಿ ನಾಲ್ಕು ವರ್ಷದ ಬಾಳು ಕಳೆಯಬಹುದು. ಏನಾದರೂ ಕೊಳ್ಳಲೇಬೇಕಾದರೆ ಬ್ಯಾಚ್ ಬ್ಯಾಚ್ ಪರೀಕ್ಷೆ ಮಾಡಿಸಿದ ಗುರುತು ಇದೆಯೇ ನೋಡಿ, ಕೋಚ್‌ಗೆ ತೋರಿಸಿ, ಬಿಲ್ ಮತ್ತು ಡಬ್ಬಿ ಎರಡನ್ನೂ ಇಟ್ಟುಕೊಳ್ಳಿ.

ಆರೋಗ್ಯದ ಎಚ್ಚರಿಕೆಯೂ ಇದೆ. ಟೈಪ್ 1 ಸಕ್ಕರೆ ಕಾಯಿಲೆ ಇರುವವರಲ್ಲಿ ಇನ್ಸುಲಿನ್ ಕೊರತೆಯಾದಾಗ ಕೀಟೋನ್ ಮಿತಿಮೀರಿ ಏರಿ ಜೀವಕ್ಕೇ ಅಪಾಯ ಆಗುತ್ತದೆ. ಹೊರಗಿನಿಂದ ಕುಡಿದ ಕೀಟೋನ್ ಈ ಅಪಾಯದ ಗುರುತನ್ನು ಮರೆಮಾಡಬಹುದು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಈಗ ನಮ್ಮಲ್ಲಿ ಬಹಳ ಜನರಿಗೆ ಕೊಡುತ್ತಾರೆ. ಅವೂ ಕೀಟೋನ್ ಹೆಚ್ಚಿಸುತ್ತವೆ. ಇಂಥವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಬಿಪಿ ಇರುವವರು ಸಾಲ್ಟ್ ಪುಡಿಯ ಸೋಡಿಯಂ ಎಷ್ಟಿದೆ ಎಂದು ಓದಲಿ. ಕೆಲವು ಪುಡಿಗಳ ಒಂದೇ ಡೋಸ್‌ನಲ್ಲಿ ಸುಮಾರು 1 ಗ್ರಾಂ ಇರುತ್ತದೆ. ದಿನವಿಡೀ ತಿನ್ನುವುದೆಲ್ಲ ಸೇರಿ 2 ಗ್ರಾಂ ಒಳಗಿರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಹಾಗಾದರೆ ದೂರದ ಓಟಕ್ಕೆ ಏನು ಕುಡಿಯಬೇಕು

ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2018ರಲ್ಲಿ ಸಾಮರ್ಥ್ಯ ಹೆಚ್ಚಿಸುವ ಬಗ್ಗೆ ಒಳ್ಳೆಯ ಪುರಾವೆ ಇರುವ ಸಪ್ಲಿಮೆಂಟ್‌ಗಳೆಂದು ಐದನ್ನು ಗುರುತಿಸಿದ್ದರು: ಕೆಫೀನ್, ಕ್ರಿಯಾಟಿನ್, ಬೀಟ್‌ರೂಟ್‌ನಲ್ಲಿರುವ ನೈಟ್ರೇಟ್, ಬೀಟಾ ಅಲನಿನ್, ಅಡುಗೆ ಸೋಡಾ. ಕೀಟೋನ್ ಅದರಲ್ಲಿ ಇರಲಿಲ್ಲ. ಆದರೆ ದೂರದ ಓಟ, ಸೈಕಲ್‌ಗೆ ಇವೆಲ್ಲಕ್ಕಿಂತ ಮೊದಲು ಬರುವುದು ಕಾರ್ಬೋಹೈಡ್ರೇಟ್.

ಇದರಲ್ಲಿ ಒಂದು ಸ್ವಾರಸ್ಯ ಇದೆ. ಕರುಳು ಗ್ಲೂಕೋಸ್ ಒಂದನ್ನೇ ಹೀರಿಕೊಳ್ಳುವುದಾದರೆ ಗಂಟೆಗೆ ಸುಮಾರು 60 ಗ್ರಾಂ ಮಾತ್ರ ಸಾಧ್ಯ. ಫ್ರಕ್ಟೋಸ್‌ಗೆ ಬೇರೆ ಬಾಗಿಲು ಇದೆ. ಎರಡೂ ಸೇರಿಸಿ ಕೊಟ್ಟರೆ 90 ಗ್ರಾಂ ತನಕ ಹೋಗುತ್ತದೆ. ವಿದೇಶಿ ಜೆಲ್‌ಗಳು ಈ ಮಿಶ್ರಣಕ್ಕೇ ಅಷ್ಟು ಬೆಲೆ ಹಾಕುತ್ತವೆ. ನಮ್ಮ ಸಕ್ಕರೆಯ ಪ್ರತಿ ಅಣುವೂ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಬೆಲ್ಲವೂ ಬಹುಪಾಲು ಅದೇ. ಜಾತ್ರೆಯಲ್ಲಿ, ರಾಮನವಮಿಯಲ್ಲಿ ಹಂಚುವ ಪಾನಕದಲ್ಲಿ ಆ ಎರಡು ಬಾಗಿಲಿನ ಸೂತ್ರ ಆಗಲೇ ಇದೆ.

ಒಂದೂವರೆ ಗಂಟೆಗಿಂತ ಹೆಚ್ಚು ಓಡುವವರು, ತುಳಿಯುವವರು ಹೀಗೆ ಮಾಡಬಹುದು. ಒಂದು ಲೀಟರ್ ನೀರಿಗೆ 60 ಗ್ರಾಂ ಸಕ್ಕರೆ ಅಥವಾ ಬೆಲ್ಲ, ಕಾಲು ಚಮಚ ಉಪ್ಪು, ಒಂದು ನಿಂಬೆಹಣ್ಣಿನ ರಸ. ಮೊದಲ ಅರ್ಧ ಗಂಟೆ ಬಿಟ್ಟು, ಆಮೇಲೆ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಕೆಲವು ಗುಟುಕು. ಸೈಕಲ್‌ನಲ್ಲಾದರೆ ಜೇಬಿನಲ್ಲಿ ಬಾಳೆಹಣ್ಣೂ ಇರಲಿ. ಹಿಂದಿನ ರಾತ್ರಿ ಅನ್ನ ಹೊಟ್ಟೆತುಂಬ ಉಣ್ಣಿ, ಎಣ್ಣೆ ಬೆಣ್ಣೆ ಕಡಿಮೆ ಇರಲಿ. ಮಂಡಕ್ಕಿ ಹಗುರ, ಬಹುತೇಕ ಬರೀ ಪಿಷ್ಟ. ಓಟಕ್ಕೆ ಎರಡು ಗಂಟೆ ಮೊದಲು ಒಗ್ಗರಣೆ ಖಾರ ಇಲ್ಲದ ಮಂಡಕ್ಕಿ ಒಳ್ಳೆಯದೇ, ಜೊತೆಗಿನ ಮೆಣಸಿನಕಾಯಿ ಬಜ್ಜಿ ಮಾತ್ರ ಓಟ ಮುಗಿದ ಮೇಲೆ.

ಇದ್ಯಾವುದನ್ನೂ ರೇಸ್ ದಿನ ಮೊದಲ ಸಲ ಪ್ರಯತ್ನಿಸಬೇಡಿ. ಕರುಳಿಗೂ ಅಭ್ಯಾಸ ಬೇಕು. ನಾಲ್ಕೈದು ಭಾನುವಾರ ಉದ್ದದ ಓಟದಲ್ಲೇ ಕುಡಿದು ನೋಡಿ. ಹೊಟ್ಟೆ ತೊಳಸಿದರೆ ಸಕ್ಕರೆ 40 ಗ್ರಾಂಗೆ ಇಳಿಸಿ, ಒಗ್ಗಿದ ಮೇಲೆ ಮತ್ತೆ ಏರಿಸಿ.